ಪೀಟ್ ಪೊಸಲ್‌ತ್ವೇಟ್: ಒಂದೇ ಮುಖದ ಇಬ್ಬರು ಅಪ್ಪಂದಿರು

ತುಂಗಾತೀರ

ಬ್ರಿಟಿಷ್ ಪೋಷಕ ನಟರ ಮಾತು ಬಂದಾಗಲೆಲ್ಲ ಈ ಚರ್ಚಾ ವೇದಿಕೆಯಲ್ಲಿ ಇಯಾನ್ ಹೋಮ್, ಜಿಮ್ ಬ್ರಾಡ್‌ಬೆಂಟ್, ಟಾಮ್ ವಿಲ್ಕಿನ್ಸನ್ ಹೆಸರು ಬರುತ್ತವೆ. ಪೀಟ್ ಪೊಸಲ್‌ತ್ವೇಟ್ ಬಗ್ಗೆ ‘ಜುರಾಸಿಕ್ ಪಾರ್ಕ್ ಎರಡನೇ ಭಾಗದ ಬೇಟೆಗಾರ’ ಅಂತ ಒಂದು ಸಾಲು ಬರೆದು ಎಲ್ಲರೂ ಮುಂದೆ ಹೋಗಿಬಿಡುತ್ತಾರೆ. ಆ ಮನುಷ್ಯನ ಬಗ್ಗೆ ಕೂತು ಮಾತಾಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ನಾನು ಹೇಳಬೇಕಾದ್ದು ಇಷ್ಟು. 1988ರ ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ ಮತ್ತು 1993ರ ‘ಇನ್ ದ ನೇಮ್ ಆಫ್ ದ ಫಾದರ್’, ಈ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಎರಡರಲ್ಲೂ ಅವರು ಅಪ್ಪ. ಮೊದಲನೆಯದರಲ್ಲಿ ಹೆಂಡತಿ ಮಕ್ಕಳನ್ನು ಹೊಡೆಯುವ ಅಪ್ಪ. ಮನೆಯೊಳಗೆ ಅವನ ಹೆಜ್ಜೆ ಸದ್ದು ಕೇಳಿದರೆ ಮಕ್ಕಳು ಉಸಿರು ಬಿಗಿ ಹಿಡಿಯುತ್ತಾರೆ. ಎರಡನೆಯದರಲ್ಲಿ ಮಾಡದ ತಪ್ಪಿಗೆ ಮಗನ ಜೊತೆ ಜೈಲು ಸೇರಿ ಅಲ್ಲೇ ಸಾಯುವ, ದನಿ ಎತ್ತಿ ಮಾತಾಡದ ಅಪ್ಪ. ನಡುವೆ ಇರುವುದು ಐದೇ ವರ್ಷ. ಅದೇ ಎತ್ತರದ ಕೆನ್ನೆಮೂಳೆ, ಅದೇ ಚಪ್ಪಟೆ ಮೂಗು, ಅದೇ ಒಳಗೆ ಸೇರಿದ ಕಣ್ಣು. ಮೇಕಪ್ಪಿನಿಂದ ಮುಖ ಬದಲಾಯಿಸಿಲ್ಲ, ಆದರೂ ಮನುಷ್ಯ ಬೇರೆ. ಇದು ಹೇಗೆ ಸಾಧ್ಯ ಅನ್ನುವುದೇ ನನ್ನ ಪ್ರಶ್ನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ. ಹುಟ್ಟಿದ್ದು 1946ರ ಫೆಬ್ರವರಿ 7ರಂದು, ಇಂಗ್ಲೆಂಡಿನ ವಾಯವ್ಯದ ವಾರಿಂಗ್‌ಟನ್‌ನಲ್ಲಿ. ಕ್ಯಾಥೊಲಿಕ್ ಕುಟುಂಬ, ದುಡಿದು ತಿನ್ನುವ ಜನ. ಪಾದ್ರಿ ಆಗಬೇಕು ಅಂತ ಮೊದಲು ಯೋಚನೆ ಇತ್ತು. ಆಮೇಲೆ ಶಾಲೆಯಲ್ಲಿ ನಾಟಕ ಮತ್ತು ದೈಹಿಕ ಶಿಕ್ಷಣದ ಮೇಷ್ಟ್ರು. ಅದನ್ನೂ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆ ಸೇರಿದರು. 1970ರ ದಶಕದಲ್ಲಿ ಲಿವರ್‌ಪೂಲ್‌ನ ಎವರಿಮನ್ ಥಿಯೇಟರ್. ಅಲ್ಲಿ ಜೊತೆಗಿದ್ದವರು ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್, ಆಂಟನಿ ಶೇರ್. ಆಗ ಇವರಲ್ಲಿ ಯಾರ ಹೆಸರೂ ಹೊರಗೆ ಗೊತ್ತಿರಲಿಲ್ಲ. ಮುಂದೆ ರಾಯಲ್ ಶೇಕ್ಸ್‌ಪಿಯರ್ ಕಂಪನಿ. ಸಿನಿಮಾ ಕೈಹಿಡಿಯುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು.

ಈಗ ಒಂದು ದೃಶ್ಯ. ‘ಡಿಸ್ಟೆಂಟ್ ವಾಯ್ಸಸ್’ನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ. ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗಿದ್ದಾರೆ. ಅಪ್ಪ ಬರುತ್ತಾನೆ, ಉಡುಗೊರೆಯ ಕಾಲುಚೀಲಗಳನ್ನು ಮೆಲ್ಲಗೆ ನೇತು ಹಾಕುತ್ತಾನೆ. ನಿಂತು ಮಕ್ಕಳನ್ನು ನೋಡುತ್ತಾನೆ. ಆ ನೋಟದಲ್ಲಿ ಪ್ರೀತಿ ತುಂಬಿ ತುಳುಕುತ್ತದೆ. ಮರುಕ್ಷಣ ಹಬ್ಬದ ಊಟದ ಮೇಜು. ಎಲ್ಲರೂ ಕೂತಿದ್ದಾರೆ. ಅಪ್ಪ ಮುಷ್ಟಿ ಬಿಗಿ ಹಿಡಿದಿದ್ದಾನೆ. ಏನೂ ನಡೆದಿಲ್ಲ, ಯಾರೂ ಏನೂ ಅಂದಿಲ್ಲ. ಇದ್ದಕ್ಕಿದ್ದಂತೆ ಮೇಜಿನ ಬಟ್ಟೆಯನ್ನು ಎಳೆದು ಇಡೀ ಊಟವನ್ನು ನೆಲಕ್ಕೆ ಕೆಡವುತ್ತಾನೆ. ಕಾರಣ ಏನು ಅಂತ ನಿರ್ದೇಶಕ ಟೆರೆನ್ಸ್ ಡೇವಿಸ್ ಹೇಳುವುದಿಲ್ಲ. ನಟನೂ ಹೇಳುವುದಿಲ್ಲ. ಆದರೆ ಆ ಮುಷ್ಟಿ ನೋಡಿದ ಮೇಲೆ ಕಾರಣ ಕೇಳಬೇಕು ಅಂತ ನಮಗೂ ಅನಿಸುವುದಿಲ್ಲ. ಅದು ಡೇವಿಸ್ ಅವರ ಸ್ವಂತ ಬಾಲ್ಯದಿಂದ ಬಂದ ಸಿನಿಮಾ. 1988ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಅಲ್ಲಿಯ ಮೊದಲ ಬಹುಮಾನ ಗೋಲ್ಡನ್ ಲೆಪರ್ಡ್ ಬಂತು.

ಈ ಎರಡು ಅಪ್ಪಂದಿರಷ್ಟು ದೊಡ್ಡ ಕೆಲಸ ಅವರ ಬೇರೆ ಯಾವ ಪಾತ್ರದಲ್ಲೂ ಇಲ್ಲ ಅಂತ ನನ್ನ ಅಭಿಪ್ರಾಯ. ಒಪ್ಪದವರು ಬರೆಯಿರಿ.

ಕೋಟೆಬಾಗಿಲು

ಒಪ್ಪುವುದಿಲ್ಲ! ಅಪ್ಪಂದಿರು ಪಕ್ಕಕ್ಕಿರಲಿ, ಓಬಡಾಯಾ ಹೇಕ್ಸ್‌ವಿಲ್‌ನನ್ನು ಬಿಟ್ಟುಬಿಟ್ಟಿರಲ್ಲ?

ಬ್ರಿಟಿಷ್ ಟಿವಿ ವಾಹಿನಿ ಐಟಿವಿಯ ‘ಶಾರ್ಪ್’ ಸರಣಿ, 1994. ನೆಪೋಲಿಯನ್ ಕಾಲದ ಯುದ್ಧದ ಕಥೆ, ನಾಯಕ ಶಾನ್ ಬೀನ್. ಹೇಕ್ಸ್‌ವಿಲ್ ಪಾತ್ರ ಪೀಟ್ ಅವರದು, ಒಬ್ಬ ಸಾರ್ಜೆಂಟ್. ಚಿಕ್ಕಂದಿನಲ್ಲಿ ನೇಣಿಗೆ ಹಾಕಿದ್ದರೂ ಬದುಕಿ ಉಳಿದವನು. ತನಗೆ ಸಾವೇ ಇಲ್ಲ ಅಂತ ನಂಬಿದ್ದಾನೆ. ಮುಖ ಎಳೆದುಕೊಳ್ಳುವ ಚಟ. ತಲೆಯ ಮೇಲಿನ ಟೋಪಿ ತೆಗೆದು ಅದರೊಳಗೆ ಇಟ್ಟ ಅಮ್ಮನ ಚಿತ್ರದ ಜೊತೆ ಮಾತಾಡುತ್ತಾನೆ. ಬೇರೆ ಯಾರು ಮಾಡಿದ್ದರೂ ಅದು ಬರೀ ಹುಚ್ಚಾಟ ಆಗುತ್ತಿತ್ತು. ಇವರು ಆ ಟೋಪಿಯೊಳಗೆ ಮುಖ ಹಾಕಿ ಮಾತಾಡುವಾಗ ಪಾಪ ಅನಿಸುತ್ತದೆ. ಮುಂದಿನ ನಿಮಿಷದಲ್ಲಿ ಅವನು ಮಾಡುವ ಕೆಲಸ ನೋಡಿ ಪಾಪ ಅಂದುಕೊಂಡಿದ್ದಕ್ಕೆ ನಮಗೇ ಮೈ ಉರಿಯುತ್ತದೆ.

ನನಗೆ ಇವನ ಮೇಲೆ ಜಾಸ್ತಿ ಆಸಕ್ತಿ ಬರಲು ಇನ್ನೊಂದು ಕಾರಣ ಇದೆ. ಶಾರ್ಪ್ ಕಥೆಗಳ ಲೇಖಕ ಬರ್ನಾರ್ಡ್ ಕಾರ್ನ್‌ವೆಲ್ ಇದೇ ಸರಣಿಯಲ್ಲಿ 1997ರಲ್ಲಿ ‘ಶಾರ್ಪ್ಸ್ ಟೈಗರ್’ ಅಂತ ಕಾದಂಬರಿ ಬರೆದರು. ಕಥೆ ನಡೆಯುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ. ಹೇಕ್ಸ್‌ವಿಲ್ ಅಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಇದ್ದಾನೆ. ನಾನು ಆ ಊರಿನ ಕಡೆಯವನು. ಓದುವಾಗ ಕಾವೇರಿ ದಾಟಿ ಬರುವ ಆ ಸಾರ್ಜೆಂಟನಿಗೆ ಪೊಸಲ್‌ತ್ವೇಟ್ ಮುಖವೇ ಬಂತು, ಬೇರೆ ಮುಖ ಬರಲೇ ಇಲ್ಲ. ಆ ಕಾದಂಬರಿಯನ್ನು ಅವರನ್ನೇ ಇಟ್ಟುಕೊಂಡು ಟಿವಿಗೆ ಮಾಡಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಶೆಫೀಲ್ಡ್ ಶಾರದೆ

ನಾನು ಇರುವುದು ದಕ್ಷಿಣ ಯಾರ್ಕ್‌ಷೈರಿನಲ್ಲಿ. ಇಲ್ಲಿ ಪೀಟ್ ಅಂದರೆ ಡ್ಯಾನಿ, ಅಷ್ಟೇ. ‘ಬ್ರಾಸ್ಡ್ ಆಫ್’, 1996, ನಿರ್ದೇಶಕ ಮಾರ್ಕ್ ಹರ್ಮನ್.

ಸಿನಿಮಾದಲ್ಲಿ ಊರಿನ ಹೆಸರು ಗ್ರಿಮ್ಲಿ. ನಿಜವಾದ ಊರು ಗ್ರೈಮ್‌ಥಾರ್ಪ್, ಬಾರ್ನ್ಸ್‌ಲಿ ಹತ್ತಿರ. 1992ರ ಅಕ್ಟೋಬರಿನಲ್ಲಿ ಸರ್ಕಾರ 31 ಕಲ್ಲಿದ್ದಲು ಗಣಿ ಮುಚ್ಚುತ್ತೇವೆ ಅಂತ ಘೋಷಿಸಿತು. ಗ್ರೈಮ್‌ಥಾರ್ಪ್ ಆ ಪಟ್ಟಿಯಲ್ಲಿತ್ತು. ಅದೇ ತಿಂಗಳು ಗ್ರೈಮ್‌ಥಾರ್ಪ್ ಗಣಿಯ ಬ್ಯಾಂಡ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. 1993ರಲ್ಲಿ ಗಣಿ ಮುಚ್ಚಿತು. ಸಿನಿಮಾದಲ್ಲಿ ನಾವು ಕೇಳುವ ವಾದ್ಯ ಆ ನಿಜವಾದ ಬ್ಯಾಂಡಿನದೇ.

ಡ್ಯಾನಿ ಆ ಬ್ಯಾಂಡಿನ ನಾಯಕ. ಹಳೇ ಗಣಿ ಕೆಲಸಗಾರ, ಶ್ವಾಸಕೋಶದಲ್ಲಿ ಕಲ್ಲಿದ್ದಲ ದೂಳು ತುಂಬಿದೆ. ಊರು ಮುಳುಗುತ್ತಿದ್ದರೂ ಅವನಿಗೆ ಬ್ಯಾಂಡಿನದೇ ಚಿಂತೆ. ಅವನ ಮಗ ಫಿಲ್ ಸಾಲದಲ್ಲಿ ಮುಳುಗಿ, ಕೋಡಂಗಿ ವೇಷ ಹಾಕಿ ಮಕ್ಕಳ ಪಾರ್ಟಿಗಳಲ್ಲಿ ದುಡಿಯುತ್ತಾನೆ, ಕೊನೆಗೆ ಸಾಯಲು ಹೊರಡುತ್ತಾನೆ. ಅಪ್ಪನಿಗೆ ಕಣ್ಣು ತೆರೆಯುವುದು ಆಗ. ತುಂಗಾತೀರ ಅವರೇ, ಇವನೂ ಅಪ್ಪನೇ ಅಲ್ವಾ? ಇವನನ್ನು ಯಾಕೆ ಬಿಟ್ಟಿರಿ?

ಆಸ್ಪತ್ರೆಯ ದೃಶ್ಯ ಹೇಳಲೇಬೇಕು. ಡ್ಯಾನಿ ಹಾಸಿಗೆ ಹಿಡಿದಿದ್ದಾನೆ. ರಾತ್ರಿ ಬ್ಯಾಂಡಿನವರೆಲ್ಲ ಗಣಿಯ ಹೆಲ್ಮೆಟ್ ಹಾಕಿ, ಅದರ ದೀಪದ ಬೆಳಕಲ್ಲಿ ಆಸ್ಪತ್ರೆಯ ಹೊರಗೆ ನಿಂತು ನುಡಿಸುತ್ತಾರೆ. ಒಳಗೆ ಅವನಿಗೆ ಒಂದೂ ಮಾತಿಲ್ಲ. ಕೇಳುತ್ತಾನೆ, ಅಷ್ಟೇ. ನಾನು ನರ್ಸ್ ಕೆಲಸ ಮಾಡುವವಳು, ಎದೆಯ ಕಾಯಿಲೆಯ ರೋಗಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಉಸಿರಿಗೆ ಒದ್ದಾಡುವವರು ಭುಜ ಮೇಲೆತ್ತಿ ಕುತ್ತಿಗೆಯಿಂದ ಉಸಿರೆಳೆಯುತ್ತಾರೆ, ಮಾತನ್ನು ತುಂಡು ತುಂಡು ಮಾಡುತ್ತಾರೆ. ಡ್ಯಾನಿ ಮಾತಾಡುವುದನ್ನು ಗಮನಿಸಿ. ಉಸಿರು ಎಲ್ಲಿ ಸಾಲದೋ ಅಲ್ಲೇ ವಾಕ್ಯ ಮುರಿಯುತ್ತದೆ.

ರಾಬರ್ಟ್‌ಸನ್‌ಪೇಟೆ

ಶಾರದೆ ಅವರು ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಕೆಜಿಎಫ್‌ನವನು. ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೂರಿಪ್ಪತ್ತು ವರ್ಷ ನಡೆದ ಗಣಿ. ಇಂಗ್ಲೆಂಡಿನಿಂದ ಬಂದವರೇ ಕಟ್ಟಿದ ಊರು, ಅಲ್ಲಿನ ಗಣಿ ಊರುಗಳ ಪದ್ಧತಿಯೆಲ್ಲ ಇಲ್ಲಿಗೂ ಬಂದಿತ್ತು.

ನಮ್ಮಲ್ಲಿ ಕಲ್ಲಿದ್ದಲು ಅಲ್ಲ, ಕಲ್ಲಿನ ದೂಳು. ಸಿಲಿಕೋಸಿಸ್. ನಮ್ಮ ತಾತನಿಗೂ ಇತ್ತು. ಆ ಕಾಯಿಲೆ ಇದ್ದವರಿಗೆ ಕೆಮ್ಮು ಅಂದರೆ ನಾಚಿಕೆ. ಬೇರೆಯವರ ಮುಂದೆ ಕೆಮ್ಮಬಾರದು ಅಂತ ಎದ್ದು ಆಚೆ ಹೋಗುತ್ತಾರೆ. ಡ್ಯಾನಿಯೂ ಹಾಗೇ ತನ್ನ ಕಾಯಿಲೆಯನ್ನು ಬ್ಯಾಂಡಿನವರಿಂದ ಮುಚ್ಚಿಡುತ್ತಾನೆ. ಅದು ಅಭಿನಯ ಅಂತ ನನಗೆ ಅನಿಸಲೇ ಇಲ್ಲ. ಕೊನೆಯಲ್ಲಿ ಟ್ರೋಫಿ ಬೇಡ ಅಂತ ನಿಂತು ಮಾತಾಡುತ್ತಾನಲ್ಲ, ಸಂಗೀತಕ್ಕಿಂತ ಮನುಷ್ಯರು ದೊಡ್ಡವರು ಅಂತ. ಆ ಭಾಷಣವನ್ನು ಇಡೀ ಊರು ಕೂತು ಕೇಳಬೇಕು.

ಹಾಡುಹಕ್ಕಿ

ಆ ಭಾಷಣದ ಬಗ್ಗೆ ಒಂದು ವಿಷಯ. ಚಂಬಾವಂಬಾ ಅನ್ನುವ ಬ್ಯಾಂಡಿನ ‘ಟಬ್‌ಥಂಪಿಂಗ್’ ಹಾಡು 1997ರಲ್ಲಿ ಎಲ್ಲ ಕಡೆ ಮೊಳಗುತ್ತಿತ್ತು. ಬಿದ್ದರೂ ಮತ್ತೆ ಏಳುತ್ತೇನೆ ಅನ್ನುವ ಹಾಡು. ಅದರ ಆಲ್ಬಂ ಆವೃತ್ತಿ ಶುರುವಾಗುವುದೇ ಪೀಟ್ ದನಿಯಿಂದ, ಡ್ಯಾನಿಯ ಅದೇ ಭಾಷಣದ ತುಣುಕು. ಎಷ್ಟೋ ಜನ ಅವರ ದನಿ ಕೇಳಿದ್ದಾರೆ, ಯಾರದ್ದು ಅಂತ ಗೊತ್ತಿಲ್ಲದೆ.

ಕ್ಲೈಮ್ಯಾಕ್ಸ್ ಹೇಳ್ಬೇಡಿ

‘ದ ಯೂಷುವಲ್ ಸಸ್ಪೆಕ್ಟ್ಸ್’ (1995) ನೋಡದವರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ, ದಯವಿಟ್ಟು.

ಅದರಲ್ಲಿ ಪೀಟ್ ವಕೀಲ ಕೋಬಯಾಶಿ. ಹೆಸರು ಜಪಾನಿನದು, ಮುಖ ಹಾಗಿಲ್ಲ, ಉಚ್ಚಾರ ಯಾವ ದೇಶದ್ದು ಅಂತ ಹೇಳಲು ಬರುವುದಿಲ್ಲ. ಮೊದಲ ಸಲ ನೋಡುವಾಗ ಇದೇನು ವಿಚಿತ್ರ ಅನಿಸುತ್ತದೆ. ಕೊನೆಗೆ ಆ ಹೆಸರು ಕಾಫಿ ಲೋಟದ ಅಡಿಯಿಂದ ಬಂದದ್ದು ಅಂತ ತಿಳಿದ ಮೇಲೆ ಎಲ್ಲ ಸರಿ ಹೊಂದುತ್ತದೆ. ಒಬ್ಬ ಸುಳ್ಳುಗಾರ ಅಲ್ಲೇ ಕೂತು ಕಟ್ಟಿದ ಪಾತ್ರ ಅದು. ಹಾಗೆ ಕಟ್ಟಿದವನಿಗೆ ಒಂದು ಊರು, ಒಂದು ಭಾಷೆ ಹೇಗೆ ಇರುತ್ತದೆ? ಆ ಬೇರು ಇಲ್ಲದ ಉಚ್ಚಾರವನ್ನು ಪೂರ್ತಿ ಸಿನಿಮಾದಲ್ಲಿ ಗಂಭೀರವಾಗಿ, ಒಂದು ಕಡೆಯೂ ಸಡಿಲ ಬಿಡದೆ ಹಿಡಿದಿದ್ದಾರೆ. ಚಿಕ್ಕ ಪಾತ್ರ. ಆದರೆ ಅದು ಕೆಟ್ಟರೆ ಕ್ಲೈಮ್ಯಾಕ್ಸ್ ಕೆಡುತ್ತಿತ್ತು.

ರಂಗಮಂಚ

ಎಲ್ಲರೂ ಸಿನಿಮಾ ಹೇಳುತ್ತಿದ್ದೀರಿ. ತುಂಗಾತೀರ ಅವರ ‘ಹೇಗೆ ಸಾಧ್ಯ’ ಪ್ರಶ್ನೆಗೆ ಉತ್ತರ ನಾಟಕದಲ್ಲಿದೆ ಅಂತ ನನಗೆ ಅನಿಸುತ್ತದೆ.

ಎವರಿಮನ್ ಥಿಯೇಟರ್ ಇರುವುದು ಲಿವರ್‌ಪೂಲ್‌ನ ಹೋಪ್ ಸ್ಟ್ರೀಟ್‌ನಲ್ಲಿ. 1970ರ ದಶಕದಲ್ಲಿ ಅಲ್ಲಿಯ ತಂಡ ಬರೀ ಥಿಯೇಟರಿನೊಳಗೆ ಆಡುತ್ತಿರಲಿಲ್ಲ. ವ್ಯಾನ್ ಹತ್ತಿ ಪಬ್‌ಗಳಿಗೆ ಹೋಗಿ ಆಡುತ್ತಿದ್ದರು. ಕುಡಿಯಲು ಬಂದವರ ಮುಂದೆ ನಾಟಕ! ಕಿವಿಗೊಡದೆ ಹರಟುವವರು ಒಂದು ಕಡೆ, ಎದ್ದು ಹೋಗುವವರು ಇನ್ನೊಂದು ಕಡೆ. ಸುಳ್ಳು ಅಭಿನಯ ಅಲ್ಲಿ ಎರಡು ನಿಮಿಷ ನಡೆಯುವುದಿಲ್ಲ. ನಾನೂ ತಿರುಗಾಟದ ತಂಡದಲ್ಲಿ ಇದ್ದವನು, ಸಂತೆ ಮೈದಾನದಲ್ಲಿ ಆಡಿ ಅಭ್ಯಾಸ. ಜನ ಕಿರುಚಿದರೆ ನಾವೂ ಕಿರುಚಿದರೆ ಸೋತೆವು. ದನಿ ತಗ್ಗಿಸಿ, ನಿಂತಲ್ಲೇ ಗಟ್ಟಿ ನಿಂತರೆ ಮಾತ್ರ ಅವರು ತಿರುಗಿ ನೋಡುತ್ತಾರೆ. ಪೀಟ್ ಅವರ ಅಭಿನಯದಲ್ಲಿ ನನಗೆ ಕಾಣುವುದು ಅದೇ. ಸುತ್ತಲೂ ಏನೇ ಗದ್ದಲ ಇರಲಿ, ಇವರು ನಿಂತಲ್ಲೇ ನಿಲ್ಲುತ್ತಾರೆ.

ಇನ್ನೊಂದು ವಿಷಯ. ಹಾಲಿವುಡ್ ಕರೆದು, ಹೆಸರು ಬಂದು, ಆಸ್ಕರ್ ನಾಮನಿರ್ದೇಶನ ಆದ ಮೇಲೂ ಅವರು ರಂಗಭೂಮಿ ಬಿಡಲಿಲ್ಲ. ‘ಸ್ಕಾರಮೂಶ್ ಜೋನ್ಸ್’ ಅಂತ ಏಕವ್ಯಕ್ತಿ ನಾಟಕ ಹಿಡಿದು ಊರೂರು ಸುತ್ತಿದರು. 2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಗಿದ್ದಾಗ ಹಳೇ ಎವರಿಮನ್‌ಗೇ ವಾಪಸ್ ಬಂದು ಕಿಂಗ್ ಲಿಯರ್ ಆಡಿದರು. ನಿರ್ದೇಶಕ ರೂಪರ್ಟ್ ಗೂಲ್ಡ್. ಮುಂದಿನ ವರ್ಷ ಅದು ಲಂಡನ್ನಿನ ಯಂಗ್ ವಿಕ್‌ಗೂ ಹೋಯಿತು. ಅಪ್ಪಂದಿರ ಲೆಕ್ಕಕ್ಕೆ ಲಿಯರನ್ನೂ ಸೇರಿಸಿಕೊಳ್ಳಿ. ಮಕ್ಕಳನ್ನು ಅರ್ಥ ಮಾಡಿಕೊಳ್ಳದೆ ಹಾಳಾದ ಅಪ್ಪ ಅಂದರೆ ಅವನಿಗಿಂತ ದೊಡ್ಡವನು ಯಾರಿದ್ದಾನೆ?

ಮೊದಲ ಸಾಲು

ನನಗೆ ಒಂದು ತಕರಾರು ಇದೆ. ‘ಇನ್ ದ ನೇಮ್ ಆಫ್ ದ ಫಾದರ್’ ಇತಿಹಾಸವನ್ನು ಬದಲಾಯಿಸಿದೆ. ನಿಜ ಜೀವನದಲ್ಲಿ ಅಪ್ಪ ಮಗ ಜೈಲಿನ ಒಂದೇ ಕೋಣೆಯಲ್ಲಿ ಇರಲಿಲ್ಲ. ಸಿನಿಮಾದ ಜೀವಾಳವೇ ಆ ಕೋಣೆ. ಅಂಥದ್ದರಲ್ಲಿ ಅದನ್ನು ಅಷ್ಟು ಹೊಗಳುವುದು ಸರಿಯಾ?

ತುಂಗಾತೀರ

ಮೊದಲ ಸಾಲು ಅವರಿಗೆ: ತಕರಾರು ನ್ಯಾಯವಾದದ್ದು. ನಡೆದದ್ದನ್ನು ಇಲ್ಲಿ ಬರೆದುಬಿಡುತ್ತೇನೆ, ಸಿನಿಮಾ ಮಾತ್ರ ನೋಡಿದವರಿಗೂ ಗೊತ್ತಿರಲಿ.

1974ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಪಬ್‌ಗಳಲ್ಲಿ ಐಆರ್‌ಎ ಅನ್ನುವ ಐರಿಶ್ ಸಶಸ್ತ್ರ ಸಂಘಟನೆಯ ಬಾಂಬ್ ಸ್ಫೋಟ ಆಯಿತು. ಬೆಲ್‌ಫಾಸ್ಟಿನ ಗೆರಿ ಕಾನ್ಲನ್ ಮತ್ತು ಇನ್ನು ಮೂವರನ್ನು ಹಿಡಿದು, ತಪ್ಪೊಪ್ಪಿಗೆ ಬರೆಸಿಕೊಂಡು ಜೀವಾವಧಿ ಶಿಕ್ಷೆ ಕೊಟ್ಟರು. ಮಗನಿಗೆ ವಕೀಲರನ್ನು ಗೊತ್ತು ಮಾಡಲು ಬಂದ ಅಪ್ಪ ಜುಸೆಪ್ಪೆಯನ್ನೂ, ಉಳಿದುಕೊಂಡಿದ್ದ ನೆಂಟರ ಮನೆಯವರನ್ನೂ ಹಿಡಿದರು. ಜುಸೆಪ್ಪೆಗೆ ಮೊದಲೇ ಶ್ವಾಸಕೋಶದ ಕಾಯಿಲೆ. 1980ರ ಜನವರಿಯಲ್ಲಿ ಶಿಕ್ಷೆ ಅನುಭವಿಸುತ್ತಲೇ ತೀರಿಕೊಂಡರು. ಗೆರಿ ಮತ್ತು ಉಳಿದ ಮೂವರು 1989ರಲ್ಲಿ ನಿರಪರಾಧಿಗಳು ಅಂತ ಹೊರಗೆ ಬಂದರು. ಜುಸೆಪ್ಪೆಯ ಮೇಲಿನ ಶಿಕ್ಷೆ ರದ್ದಾದದ್ದು 1991ರಲ್ಲಿ, ಸತ್ತು ಹನ್ನೊಂದು ವರ್ಷದ ಮೇಲೆ. 2005ರಲ್ಲಿ ಪ್ರಧಾನಿ ಟೋನಿ ಬ್ಲೇರ್ ಕ್ಷಮೆ ಕೇಳಿದರು.

ನಿರ್ದೇಶಕ ಜಿಮ್ ಶೆರಿಡನ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದು ನಿಜಕ್ಕೆ ದೂರ. ಅದನ್ನು ಇತಿಹಾಸ ಅಂತ ನಂಬಬಾರದು. ಆದರೆ ಅಭಿನಯದ ಮಾತಿಗೆ ಬಂದರೆ, ಆ ಕೋಣೆ ಇಲ್ಲದಿದ್ದರೆ ಪೀಟ್ ಮಾಡಿದ್ದು ನಮಗೆ ಕಾಣುತ್ತಿರಲಿಲ್ಲ. ಮಗನ ಪಾತ್ರ ಡ್ಯಾನಿಯಲ್ ಡೇ ಲೂಯಿಸ್ ಅವರದು. ಅವರೂ ಅದೇ ಬ್ರಿಸ್ಟಲ್ ಶಾಲೆಯಲ್ಲಿ ಕಲಿತವರು. ಮಗ ಕೂಗುತ್ತಾನೆ, ಗೋಡೆಗೆ ಗುದ್ದುತ್ತಾನೆ, ಚಿಕ್ಕಂದಿನ ಫುಟ್‌ಬಾಲ್ ಪದಕದ ನೋವನ್ನೆಲ್ಲ ತೆಗೆದು ಅಪ್ಪನ ಮುಖಕ್ಕೆ ಎಸೆಯುತ್ತಾನೆ. ಅಪ್ಪ ಕೇಳುತ್ತಾ ಕೂರುತ್ತಾನೆ. ಎದುರು ಉತ್ತರ ಕೊಡುವುದಿಲ್ಲ. ಆದರೆ ಆ ಮಾತು ಒಂದೊಂದೂ ಎಲ್ಲಿ ತಾಗಿತು ಅಂತ ಮುಖದಲ್ಲಿ ಕಾಣುತ್ತದೆ. ಡೇ ಲೂಯಿಸ್ ಎದುರು ಕೂತು ಸುಮ್ಮನೆ ಕೇಳುವುದು, ಅದರಲ್ಲೇ ದೃಶ್ಯವನ್ನು ಸರಿಸಮ ತೂಗಿಸುವುದು ಸಣ್ಣ ಕೆಲಸವಲ್ಲ.

ಆ ಪಾತ್ರಕ್ಕೆ ಪೋಷಕ ನಟರ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. ಗೆದ್ದದ್ದು ‘ದ ಫ್ಯುಜಿಟಿವ್’ಗಾಗಿ ಟಾಮಿ ಲೀ ಜೋನ್ಸ್. ಅದೇ ಸಾಲಿನಲ್ಲಿ ಇನ್ನೂ ಹುಡುಗ ಲಿಯೊನಾರ್ಡೊ ಡಿಕಾಪ್ರಿಯೊ ಕೂಡ ಇದ್ದರು. 1996ರ ‘ರೋಮಿಯೊ + ಜೂಲಿಯೆಟ್’ನಲ್ಲಿ ಇಬ್ಬರೂ ಜೊತೆಯಾದರು. ಡಿಕಾಪ್ರಿಯೊ ರೋಮಿಯೊ, ಪೀಟ್ ಬೆನ್ನ ತುಂಬ ಶಿಲುಬೆಯ ಹಚ್ಚೆ ಹಾಕಿಸಿಕೊಂಡ ಪಾದ್ರಿ ಲಾರೆನ್ಸ್.

ಬೇಟೆ ಬಸವ

ಜುರಾಸಿಕ್ ಪಾರ್ಕ್ ಎರಡನೇ ಭಾಗದ ಬೇಟೆಗಾರ ರೋಲೆಂಡ್ ಟೆಂಬೊ ಬಗ್ಗೆ ಒಂದು ಸಾಲಿಗೆ ಮುಗಿಸುತ್ತಾರೆ ಅಂತ ದೂರಿ ನೀವೂ ಅದನ್ನೇ ಮಾಡಿದಿರಿ. ನಾನು ಎರಡು ಮಾತು ಸೇರಿಸುತ್ತೇನೆ.

‘ದ ಲಾಸ್ಟ್ ವರ್ಲ್ಡ್’, 1997. ಅದು ಡೈನೋಸಾರ್ ಸಿನಿಮಾ, ಮನುಷ್ಯರು ಓಡಲಿಕ್ಕೆ ಇರುವವರು. ಆ ಜಾಗದಲ್ಲಿ ಈ ಮನುಷ್ಯ ಒಂದು ಪೂರ್ತಿ ಬದುಕು ತಂದು ಇಟ್ಟಿದ್ದಾರೆ. ಟೆಂಬೊಗೆ ದುಡ್ಡು ಬೇಡ. ಒಂದು ಗಂಡು ಟಿ-ರೆಕ್ಸ್ ಬೇಟೆ ಆಡುವ ಹಕ್ಕು ಕೊಟ್ಟರೆ ಸಾಕು. ಜೊತೆಗೆ ಅಜಯ್ ಸಿಧು ಅಂತ ಭಾರತದ ಗೆಳೆಯ, ವರ್ಷಗಟ್ಟಲೆ ಕಾಡು ಸುತ್ತಿದ ಜೋಡಿ. ಕೊನೆಗೆ ಟೆಂಬೊ ಅಂದುಕೊಂಡ ಪ್ರಾಣಿ ಸಿಗುತ್ತದೆ, ಅಜಯ್ ಉಳಿಯುವುದಿಲ್ಲ. ಕಂಪನಿಯವನು ಬಂದು ಹೊಸ ಪಾರ್ಕಿನಲ್ಲಿ ಕೆಲಸ ಕೊಡುತ್ತೇನೆ ಅನ್ನುತ್ತಾನೆ. ಸಾವಿನ ಸಹವಾಸ ಇಷ್ಟು ದಿನ ಸಾಕು ಅಂತ ಟೆಂಬೊ ಎದ್ದು ಹೋಗುತ್ತಾನೆ. ಗೆದ್ದವನ ನಡಿಗೆ ಅಲ್ಲ ಅದು. ಅಜಯ್ ಸತ್ತದ್ದನ್ನು ಟೆಂಬೊ ಅತ್ತು ಹೇಳುವುದಿಲ್ಲ, ಆದರೂ ಆ ಸ್ನೇಹ ಎಷ್ಟು ಹಳೆಯದು ಅಂತ ನಮಗೆ ತಿಳಿಯುತ್ತದೆ.

ಅದರ ನಿರ್ದೇಶಕ ಸ್ಪೀಲ್‌ಬರ್ಗ್ ಇವರನ್ನು ಜಗತ್ತಿನ ಅತ್ಯುತ್ತಮ ನಟ ಅಂದದ್ದು ಈ ಹೊತ್ತಿನಲ್ಲೇ. ಅದೇ ವರ್ಷ ತಮ್ಮ ‘ಆಮಿಸ್ಟಾಡ್’ ಸಿನಿಮಾಕ್ಕೂ ಕರೆದರು. ಪೀಟ್ ಮಾತ್ರ ಆ ಹೊಗಳಿಕೆಯನ್ನು ಹೋದ ಕಡೆಯೆಲ್ಲ ನಕ್ಕು ತಳ್ಳಿಹಾಕುತ್ತಿದ್ದರು.

ಗಾಳಿಗಿರಣಿ

ನಟನೆಯ ಹೊರಗಿನ ಒಂದು ವಿಷಯ. 2009ರ ‘ದ ಏಜ್ ಆಫ್ ಸ್ಟುಪಿಡ್’ ನೋಡಿದ್ದೀರಾ? ನಿರ್ದೇಶಕಿ ಫ್ರ್ಯಾನಿ ಆರ್ಮ್‌ಸ್ಟ್ರಾಂಗ್. ವರ್ಷ 2055, ಹವಾಮಾನ ಕೆಟ್ಟು ಪ್ರಪಂಚ ಹಾಳಾಗಿದೆ. ಉಳಿದ ಒಬ್ಬ ಮನುಷ್ಯ ನಮ್ಮ ಕಾಲದ ವಿಡಿಯೊ ತುಣುಕುಗಳನ್ನು ನೋಡುತ್ತಾ, ಆಗಲೇ ಯಾಕೆ ಎಚ್ಚೆತ್ತುಕೊಳ್ಳಲಿಲ್ಲ ಅಂತ ಕೇಳುತ್ತಾನೆ. ಆ ಮನುಷ್ಯ ಪೀಟ್. ಅವರು ನೋಡುವ ತುಣುಕುಗಳೆಲ್ಲ ನಿಜವಾದ ಸಾಕ್ಷ್ಯಚಿತ್ರ. ಅದರಲ್ಲಿ ನಮ್ಮ ಮುಂಬೈನ ಕಡಿಮೆ ದರದ ವಿಮಾನ ಕಂಪನಿಯ ಕಥೆಯೂ ಇದೆ.

ಅವರು ಅದನ್ನು ಬರೀ ಪಾತ್ರವಾಗಿ ಬಿಡಲಿಲ್ಲ. 2004ರಲ್ಲಿ ಅವರಿಗೆ ಒಬಿಇ ಅನ್ನುವ ಬ್ರಿಟಿಷ್ ಗೌರವ ಸಿಕ್ಕಿತ್ತು. ಕೆಂಟ್ ಪ್ರಾಂತ್ಯದ ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ ಅದನ್ನು ವಾಪಸ್ ಕೊಡುತ್ತೇನೆ ಅಂತ ಚಿತ್ರದ ಮೊದಲ ಪ್ರದರ್ಶನದಲ್ಲೇ ಸಚಿವ ಎಡ್ ಮಿಲಿಬ್ಯಾಂಡ್‌ಗೆ ಹೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ಆ ಯೋಜನೆಯನ್ನು ಮುಂದಕ್ಕೆ ಹಾಕಿತು. ಗಣಿ ಕೆಲಸಗಾರರ ಪಾತ್ರ ಮಾಡಿ ಅವರ ನೋವು ಹೇಳಿದವರೇ ಕಲ್ಲಿದ್ದಲು ಬೇಡ ಅಂದರು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಎರಡೂ ಕಡೆ ಅವರು ನಿಂತದ್ದು ಜನರ ಪರ.

ಹೊಸಬ

ನಾನು ಇವರ ಸಿನಿಮಾ ‘ಇನ್‌ಸೆಪ್ಷನ್’ ಬಿಟ್ಟು ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?

ಶೆಫೀಲ್ಡ್ ಶಾರದೆ

‘ಬ್ರಾಸ್ಡ್ ಆಫ್’. ಆಮೇಲೆ ‘ಇನ್ ದ ನೇಮ್ ಆಫ್ ದ ಫಾದರ್’. ‘ಡಿಸ್ಟೆಂಟ್ ವಾಯ್ಸಸ್’ ಕೊನೆಗೆ ಇರಲಿ, ಅದಕ್ಕೆ ಮನಸ್ಸು ಗಟ್ಟಿ ಬೇಕು, ಕಥೆಯೂ ಸಾಲಾಗಿ ಹೋಗುವುದಿಲ್ಲ. ನೆನಪು ಬಂದ ಹಾಗೆ, ಹಾಡು ಬಂದ ಹಾಗೆ ಹೋಗುತ್ತದೆ.

ರಂಗಮಂಚ

‘ಇನ್‌ಸೆಪ್ಷನ್’ ನೋಡಿದ್ದೀರಿ ಅಂದರೆ ನೀವು ಒಬ್ಬ ಅಪ್ಪನನ್ನು ಆಗಲೇ ನೋಡಿದ್ದೀರಿ! ಮಾರಿಸ್ ಫಿಷರ್, ಸಾಯುವ ಉದ್ಯಮಿ. ಹಾಸಿಗೆ ಮೇಲೆ ಮಲಗಿ ಕೆಲವೇ ಮಾತು. ಇಡೀ ಸಿನಿಮಾದ ಕಳ್ಳತನ ನಡೆಯುವುದೇ ಆ ಅಪ್ಪ ಮಗನ ನಡುವಿನ ಒಂದು ಮಾತನ್ನು ಬದಲಾಯಿಸಲು. ಕೊನೆಯ ಕನಸಿನಲ್ಲಿ ಕಿಲಿಯನ್ ಮರ್ಫಿ ಆ ಹಾಸಿಗೆ ಪಕ್ಕ ಕೂತು ಅಳುತ್ತಾರಲ್ಲ, ಅದು ನಮಗೆ ತಟ್ಟಬೇಕು ಅಂದರೆ ಎದುರಿಗಿನ ಅಪ್ಪ ನಿಜ ಅನಿಸಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಅದನ್ನು ಮಾಡಲು ನಿರ್ದೇಶಕ ನೋಲನ್ ಇವರನ್ನು ಕರೆದರು.

ಅದೇ 2010ರಲ್ಲಿ ‘ದ ಟೌನ್’. ಬಾಸ್ಟನ್ನಿನ ಹೂವಿನ ಅಂಗಡಿಯ ಫರ್ಗಿ. ಹೂ ಮಾರುವವನು, ಒಳಗೊಳಗೆ ದರೋಡೆಕೋರರ ಯಜಮಾನ. ಗುಲಾಬಿಯ ಮುಳ್ಳು ತೆಗೆಯುತ್ತಾ, ಕೈ ಕೆಲಸ ನಿಲ್ಲಿಸದೆ, ಬೆನ್ ಆಫ್ಲೆಕ್ ಪಾತ್ರಕ್ಕೆ ಅವನ ಅಮ್ಮನನ್ನು ತಾನು ಹೇಗೆ ಹಾಳು ಮಾಡಿದೆ ಅಂತ ಹೇಳುತ್ತಾನೆ. ದನಿ ಏರುವುದಿಲ್ಲ. ಕತ್ತರಿ ಆಡುತ್ತಲೇ ಇರುತ್ತದೆ. ಕೆಲವೇ ತಿಂಗಳಲ್ಲಿ, 2011ರ ಜನವರಿ 2ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. 64 ವರ್ಷ. ಆ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ನಾಮನಿರ್ದೇಶನ ಬಂದದ್ದು ಅವರು ಹೋದ ಮೇಲೆ.

ಕಾರ್ತೀಕ ಸಂಜೆ

ತಡವಾಗಿ ಬಂದೆ. ತುಂಗಾತೀರ ಅವರ ಮೊದಲ ಮಾತಿಗೇ ಒಂದು ತಿದ್ದುಪಡಿ ಹೇಳಬೇಕು. ನೀವು ಆ ಇಬ್ಬರು ಅಪ್ಪಂದಿರನ್ನು ಒಬ್ಬ ಕೆಟ್ಟವ, ಒಬ್ಬ ಒಳ್ಳೆಯವ ಅಂತ ಎದುರು ಬದುರು ಇಟ್ಟಿರಿ. ನನಗೆ ಹಾಗೆ ಕಾಣುವುದಿಲ್ಲ.

‘ಡಿಸ್ಟೆಂಟ್ ವಾಯ್ಸಸ್’ನಲ್ಲಿ ಕುದುರೆ ಲಾಯದ ದೃಶ್ಯ ಇದೆಯಲ್ಲ? ಅಪ್ಪ ಕುದುರೆಯ ಮೈ ಉಜ್ಜುತ್ತಾ ಮೆಲ್ಲಗೆ ಹಾಡಿಕೊಳ್ಳುತ್ತಾನೆ. ಮಕ್ಕಳು ಮೇಲಿನ ಅಟ್ಟದಿಂದ ಸದ್ದಿಲ್ಲದೆ ನೋಡುತ್ತಿದ್ದಾರೆ. ಅವನು ಎಷ್ಟು ಮೃದು ಇರಬಲ್ಲ ಅಂತ ಮಕ್ಕಳಿಗೆ ಗೊತ್ತು. ತಮ್ಮ ಜೊತೆ ಯಾಕಿಲ್ಲ ಅನ್ನುವುದೇ ಅವರ ನೋವು. ಇನ್ನು ಜುಸೆಪ್ಪೆ. ಅವನೂ ಪೂರ್ತಿ ಮೃದು ಅಲ್ಲ. ನೀವೇ ಹೇಳಿದ ಫುಟ್‌ಬಾಲ್ ಪದಕದ ಮಾತು ನೋಡಿ. ಮಗ ಗೆದ್ದು ಬಂದಾಗಲೂ ತಪ್ಪು ಆಟ ಆಡಿದೆಯಾ ಅಂತ ಕೇಳಿದ ಅಪ್ಪ ಅವನು. ಅವನ ನೀತಿಯಲ್ಲಿ ಒಂದು ಗಡಸುತನ ಇದೆ, ಮಗ ಅದಕ್ಕೇ ಅವನಿಂದ ದೂರ ಓಡಿದ್ದು. ಹೊಡೆಯುವವನೊಳಗೆ ಮೃದು, ಮೃದುವಿನೊಳಗೆ ಗಡಸು, ಎರಡನ್ನೂ ಪೀಟ್ ಕಂಡುಹಿಡಿದು ಆಡಿದ್ದಾರೆ. ಬರೀ ಕೆಟ್ಟವ, ಬರೀ ಒಳ್ಳೆಯವ ಅಂತ ಆಡಿದ್ದರೆ ನಾವು ಇಷ್ಟು ವರ್ಷದ ಮೇಲೆ ಕೂತು ಮಾತಾಡುತ್ತಿರಲಿಲ್ಲ.

ತುಂಗಾತೀರ

ಕಾರ್ತೀಕ ಸಂಜೆ ಅವರೇ, ಇದು ನನ್ನ ಪ್ರಶ್ನೆಗೆ ಸಿಕ್ಕ ಉತ್ತರ. ಲಾಯದ ದೃಶ್ಯ ನನ್ನ ತಲೆಯಲ್ಲಿ ಇತ್ತು, ಪದಕದ ಮಾತೂ ಇತ್ತು. ಎರಡನ್ನೂ ಹೀಗೆ ಪಕ್ಕದಲ್ಲಿಟ್ಟು ನೋಡಿದವರು ನೀವು. ರಂಗಮಂಚ ಅವರು ಹೇಳಿದ ನಿಂತಲ್ಲೇ ನಿಲ್ಲುವ ಗುಣವೂ ಇದಕ್ಕೆ ಕೂಡುತ್ತದೆ. ದನಿ ಏರಿಸದೆ ನಿಂತಾಗಲೇ ಈ ಎರಡನೇ ಪದರ ಕಾಣಲು ಜಾಗ ಸಿಗುತ್ತದೆ. ಡ್ಯಾನಿಯನ್ನೂ ಇವರ ಜೊತೆ ಸೇರಿಸುತ್ತೇನೆ, ಶಾರದೆ ಅವರ ಮಾತು ಒಪ್ಪಿದೆ. ಹೇಕ್ಸ್‌ವಿಲ್ ಬಗ್ಗೆ ಇನ್ನೂ ಯೋಚಿಸಬೇಕು, ಅವನು ಅಮ್ಮನ ಮಗನಾಗಿಯೇ ಉಳಿದವನು.

ಮಗ ಅಂದಾಗ ನೆನಪಾಯಿತು. 1999ರಲ್ಲಿ ಟಿವಿಗೆ ‘ಲಾಸ್ಟ್ ಫಾರ್ ವರ್ಡ್ಸ್’ ಮಾಡಿದರು. ಅದರಲ್ಲಿ ಅವರು ಅಪ್ಪ ಅಲ್ಲ, ಮುಪ್ಪಿನಲ್ಲಿ ಮಾತು ಕಳೆದುಕೊಳ್ಳುವ ತಾಯಿಯನ್ನು ನೋಡಿಕೊಳ್ಳುವ ಮಗ. ತಾಯಿಯ ಪಾತ್ರ ಥೋರಾ ಹರ್ಡ್ ಅವರದು. ಆಕೆಗೆ ಆ ಪಾತ್ರಕ್ಕೆ ಬಾಫ್ಟಾ ಬಂತು. ಅದರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಶಾರದೆ ಅವರೇ, ಅಲ್ಲಿಯ ಟಿವಿಯಲ್ಲಿ ಮತ್ತೆ ಹಾಕಿದಾಗ ನೀವು ನೋಡಿದ್ದರೆ ಬರೆಯಿರಿ.